ಕೊರಳಲ್ಲಿ ಸ್ಲಾತ್

ಕೆ.ಆರ್. ಪುರದ ರೈಲ್ವೆ ಹಳಿ ದಾಟಿ ಒಳಕ್ಕೆ ಹೋದರೆ ಕೆಂಪರಾಜ್ ಅವರ ಹಳೆಯ ರಾಗಿ ಹೊಲ ಸಿಗುತ್ತಿತ್ತು. ಮುಕ್ಕಾಲು ಪಾಲು ಸೈಟುಗಳಾಗಿ ಮಾರಿಹೋಗಿ, ಉಳಿದ ಮೂಲೆಯಲ್ಲಿ ಶೀಟು ಹೊದಿಸಿದ ನಾಲ್ಕು ಕೋಣೆ ಎದ್ದಿದ್ದವು. ತೀರಿಕೊಂಡ ಅಪ್ಪನ ಹೆಸರಿನಲ್ಲಿ ಅದಕ್ಕೆ 'ಬೈಲಪ್ಪ ಮೆಮೋರಿಯಲ್ ಇಂಗ್ಲಿಷ್ ಸ್ಕೂಲ್' ಎಂದು ಬೋರ್ಡು. ಪಾಪ, ಬೈಲಪ್ಪನವರಿಗೆ ಬದುಕಿದ್ದಷ್ಟು ದಿನ ಬರುತ್ತಿದ್ದ ಇಂಗ್ಲಿಷ್ ಎಂದರೆ 'ರೈಟ್ ರೈಟ್' ಮಾತ್ರ, ಅದೂ ಬಸ್ ಕಂಡಕ್ಟರ್ ಕೃಪೆಯಿಂದ. ಸರ್ಕಾರ ಪರ್ಮಿಷನ್ ಕೊಟ್ಟಿದ್ದು ಕನ್ನಡ ಶಾಲೆಗೆ, ಒಳಗೆ ನಡೆಯುತ್ತಿದ್ದದ್ದು ಇಂಗ್ಲಿಷ್. ಆಗ ಬೆಂಗಳೂರಿನ ತುಂಬ ಇಂಥ ಶಾಲೆಗಳಿದ್ದವು. ಕನ್ನಡ ಶಾಲೆ ಎಂದು ಬೋರ್ಡು ಹಾಕಿದರೆ ಗಾರೆ ಕೆಲಸದವರೂ ಮಕ್ಕಳನ್ನು ಸೇರಿಸುತ್ತಿರಲಿಲ್ಲ.

ಎರಡನೇ ಕ್ಲಾಸಿಗೆ ಆದಿಲಕ್ಷ್ಮಿ ಮಿಸ್. ಹಲಸೂರಿನವಳು. ಅವಳ ಅಪ್ಪ ಚಲುವಯ್ಯ ಮಿಲಿಟರಿ ಕ್ವಾರ್ಟರ್ಸ್‌ನಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಆ ಮನೆಗಳ ಚೋಟುದ್ದ ಮಕ್ಕಳು ಇಂಗ್ಲಿಷಿನಲ್ಲಿ ಅಪ್ಪನನ್ನು ಗದರುವುದು, ಅಪ್ಪ ಅರ್ಥವಾಗದೆ ನಗುತ್ತ ನಿಲ್ಲುವುದು, ಇದನ್ನು ನೋಡಿಕೊಂಡೇ ಅವಳು ಬೆಳೆದಳು. ಓದಿದ್ದು ಕನ್ನಡದಲ್ಲಿ. ಕೆಲವು ವರ್ಷ ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿದು, ಕಂಡಕಂಡ ಶಾಲೆಯ ಮೆಟ್ಟಿಲು ಹತ್ತಿ, ಕಡೆಗೂ ಈ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದಾಗ ಯಾರಾದರೂ "ನಮಸ್ತೆ ಮಿಸ್" ಎಂದರೆ ಅವಳಿಗೆ ತಿಂಡಿಯೇ ಬೇಡವಾಗುತ್ತಿತ್ತು. ಈ ಶಾಲೆ ಹೋದರೆ ಮತ್ತೆ ಗುಂಡಿಯೇ ಗತಿ, ಮತ್ತೆ ತನ್ನನ್ನು ಯಾರೂ ಮಿಸ್ ಎನ್ನುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಜೂನ್‌ನಲ್ಲಿ ಕೆಂಪರಾಜ್ ಶಿವಾಜಿನಗರದ ಗುಜರಿ ಅಬ್ದುಲ್ ಹತ್ತಿರ ಒಂದು ದೊಡ್ಡ ಚಾರ್ಟು ತಂದರು. ಯಾವುದೋ ದೊಡ್ಡ ಸ್ಕೂಲಿನವರು ಎಸೆದದ್ದು. ಅದರಲ್ಲಿ ದಟ್ಟ ಮಳೆಕಾಡು. ಕೊಂಬೆಯ ಮೇಲೆ ಟೂಕನ್ ಹಕ್ಕಿ, ಕೆಳಗೆ ಚಿರತೆಯಂಥ ಜಾಗ್ವಾರ್, ನೀರಿನಂಚಿಗೆ ಉದ್ದ ಮೂತಿಯ ಟೇಪಿರ್, ಮೇಲುಗಡೆ ತಲೆಕೆಳಗಾಗಿ ನೇತಾಡುವ ಸೋಮಾರಿ ಪ್ರಾಣಿ ಸ್ಲಾತ್, ಪಕ್ಕದಲ್ಲಿ ಒಂದು ಕೋತಿ. ಕೋತಿಯೊಂದನ್ನು ಬಿಟ್ಟರೆ ಉಳಿದದ್ದು ಆದಿಲಕ್ಷ್ಮಿಗೂ ಹೊಸದು. ರಾತ್ರಿ ಡಿಕ್ಷನರಿ ನೋಡಿ ಕಲಿತು, ಬೆಳಿಗ್ಗೆ ಕಲಿಸುವಳು. "ಟೂಕನ್ ಹ್ಯಾಸ್ ಎ ಬಿಗ್ ಬೀಕ್!" ಎಂದು ಅವಳು ಹೇಳಿಕೊಟ್ಟರೆ ಮಕ್ಕಳು ಶೀಟು ಹಾರಿಹೋಗುವಂತೆ ಕೂಗುತ್ತಿದ್ದವು. ಕೆರೆ ಏರಿಯ ಕಸದ ಮೇಲೆ ಹದ್ದು, ನಾಯಿ, ಹಂದಿ ಬಿಟ್ಟರೆ ಇನ್ನೊಂದು ಕಾಣದ ಮಕ್ಕಳು ಜಾಗ್ವಾರ್ ಎನ್ನುವುದನ್ನು ಕೇಳಿ ಅಪ್ಪಅಮ್ಮಂದಿರು ಹಿಗ್ಗಿ ಹೀರೇಕಾಯಿಯಾದರು.

ಹಿಗ್ಗಿಗೆ ಅಡ್ಡ ಬಂದವಳು ಹಂಸ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಸೊಪ್ಪು ಮಾರುವ ಮುನಿಗಂಗಮ್ಮನ ಮೊಮ್ಮಗಳು. ಬಾಯಿಗೆ ಬೀಗವೇ ಇಲ್ಲದ ಹುಡುಗಿ.

"ಅಯ್ಯೋ ಮಿಸ್, ಇದು ಟೇಪಿರ್ ಅಲ್ಲ ಮಿಸ್! ನಮ್ ಹಂದೀನೇಯ! ಯಾರೋ ಮೂಗು ಹಿಡ್ದು ಎಳ್ದ್ಬಿಟ್ಟವ್ರೆ!"

ಇಡೀ ಕ್ಲಾಸು ನಕ್ಕಿತು, ಎಲ್ಲರೂ ಕನ್ನಡಕ್ಕೆ ಇಳಿದರು, ತೆಲುಗಿನವರು ತೆಲುಗಿಗೆ. ಕಿಟಕಿಯಲ್ಲಿ ಕೆಂಪರಾಜ್ ಮುಖ ಕಂಡಿತು. ಆದಿಲಕ್ಷ್ಮಿ ಡಸ್ಟರಿನಿಂದ ಮೇಜು ಕುಟ್ಟಿದಳು.

ಮರುದಿನ ಅವಳು ಒಂದು ರಟ್ಟು ಕತ್ತರಿಸಿ, ಸ್ಲಾತ್ ಚಿತ್ರ ಬರೆದು, ದಾರ ಪೋಣಿಸಿ ತಂದಳು. ಕನ್ನಡವೋ ತೆಲುಗೋ ತಮಿಳೋ ಆಡಿದವರ ಕೊರಳಿಗೆ ಅದು. ಕಳಚಿಕೊಳ್ಳಬೇಕಾದರೆ ಇನ್ನೊಬ್ಬರು ಆಡುವುದನ್ನು ಹಿಡಿಯಬೇಕು. ಸಂಜೆ ಬೆಲ್ಲಿಗೆ ಯಾರ ಕೊರಳಲ್ಲಿರುತ್ತದೋ ಅವರು ಗೇಟಿನ ಹತ್ತಿರ ಮೊಣಕಾಲೂರಬೇಕು. ದೊಡ್ಡ ಕಾನ್ವೆಂಟುಗಳಲ್ಲಿ ಹೀಗೆಯೇ ಮಾಡುತ್ತಾರೆ ಎಂದು ಅವಳು ಕೇಳಿದ್ದಳು.

ತೊಂದರೆ ಒಂದೇ. ಬೆಳಿಗ್ಗೆ ಮೊದಲ ಕೊರಳು ಸಿಗಬೇಕಲ್ಲ! ಮಕ್ಕಳು ಹುಷಾರಾದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆಗ ಆದಿಲಕ್ಷ್ಮಿ ಒಂದು ಉಪಾಯ ಹೂಡಿದಳು. ಹಾಜರಿ ಕೂಗುತ್ತ ಕೂಗುತ್ತ ತಲೆ ಎತ್ತಿ, ತಾಯಿಯ ಹಾಗೆ ಮೆತ್ತಗೆ ಕೇಳುವಳು: "ತಿಂಡಿ ಆಯ್ತಾ ಕಂದ?"

"ಆಯ್ತು ಮಿಸ್, ಚಿತ್ರಾನ್ನ!" ಎನ್ನುವಳು ಹಂಸ. ಕೊರಳಿಗೆ ಸ್ಲಾತ್ ಬೀಳುತ್ತಿತ್ತು.

ಕೆಲವು ದಿನ "ಹೇಳಮ್ಮ, ನಾನೇನೂ ಮಾಡಲ್ಲ" ಎಂದೂ ಸೇರಿಸುವಳು. ಹಂಸ ಅದಕ್ಕೂ ಬೀಳುತ್ತಿದ್ದಳು. ಒಂದು ಸಂಜೆ ರಟ್ಟು ಕಳಚುವುದನ್ನು ಮರೆತು ಹಾಗೆಯೇ ಅಜ್ಜಿಯ ಬುಟ್ಟಿ ಪಕ್ಕ ಹೋಗಿ ಕೂತುಬಿಟ್ಟಿದ್ದಳು. ಬಸ್ಸಿಗೆ ನಿಂತಿದ್ದ ಆದಿಲಕ್ಷ್ಮಿಯನ್ನು ಮುನಿಗಂಗಮ್ಮ ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ ಮಗೀಗೆ ಇಸ್ಕೂಲಲ್ಲಿ ಬವ್‌ಮಾನ ಕೊಟ್ಟವ್ರೆ ನೋಡ್ರವ್ವಾ! ನಿಮ್ ಪುಣ್ಯ ಮಿಸ್ಸಮ್ಮ." ಒಂದು ಕಟ್ಟು ದಂಟು ಸುಮ್ಮನೆ ಕೈಗೆ ತುರುಕಿದಳು. ಹಂಸ ನೆಲ ನೋಡುತ್ತಿದ್ದಳು. ಆದಿಲಕ್ಷ್ಮಿಗೆ ನಾಚಿಕೆಯಿಂದ ಮೈ ಕುಗ್ಗಿತು. ಆದರೂ "ಹೂಂ ಅಜ್ಜಿ" ಎಂದು ಸೊಪ್ಪು ತೆಗೆದುಕೊಂಡು ಬಸ್ಸು ಹತ್ತಿದಳು.

ದಸರಾ ರಜೆ ಮುಗಿಯುವ ಹೊತ್ತಿಗೆ ಸರ್ಕಾರ ಎಚ್ಚೆತ್ತಿತು. ಕನ್ನಡಕ್ಕೆ ಪರ್ಮಿಷನ್ ಪಡೆದು ಇಂಗ್ಲಿಷ್ ನಡೆಸುವ ಶಾಲೆಗಳನ್ನು ಮುಚ್ಚಿಸುತ್ತಾರೆ ಎಂದು ಪೇಪರಿನಲ್ಲಿ ಬಂತು. ಕೆಂಪರಾಜ್ ಟೀಚರುಗಳನ್ನು ಕರೆದರು.

"ಬುಧವಾರ ಬರ್ತಾರಂತೆ. ಇಂಗ್ಲಿಷ್ ಬುಕ್ಕೆಲ್ಲ ನಮ್ಮನೆ ಅಟ್ಟಕ್ಕೆ ಹಾಕ್ಸಿ. ಬೋರ್ಡು ನಾನು ಬದಲಾಯಿಸ್ತೀನಿ. ಮಕ್ಳು ಕನ್ನಡದಲ್ಲಿ ನಾಲ್ಕ್ ಮಾತಾಡ್ಬಿಟ್ರೆ ಸಾಕು, ಬಚಾವ್."

"ಅದಕ್ಯಾಕ್ ಸಾರ್ ಯೋಚ್ನೆ?" ಆದಿಲಕ್ಷ್ಮಿ ನಕ್ಕಳು. "ಅವು ಮಾತಾಡೋದನ್ನ ನಿಲ್ಸೋದೇ ನಮ್ಗೆ ಕಷ್ಟ."

ಮಂಗಳವಾರ ಮಕ್ಕಳಿಗೆ ಹೇಳಿದಳು, ನಾಳೆ ಕನ್ನಡ ಮಾತ್ರ, ಸ್ಲಾತ್ ಇಲ್ಲ. ಎಲ್ಲರೆದುರಿಗೇ ರಟ್ಟನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಂದವರು ಅಮೃತಮ್ಮ ಎಂಬ ಅಧಿಕಾರಿ. ನಿವೃತ್ತಿಯ ಅಂಚಿನಲ್ಲಿದ್ದ, ಸಮಾಧಾನದ ಹೆಂಗಸು. ಇಂಗ್ಲಿಷ್ ಹೆಸರುಗಳ ಮೇಲೆ ಬಿಳಿ ಕಾಗದ ಅಂಟಿಸಿದ್ದ ಚಾರ್ಟನ್ನು ನೋಡಿ ಅವರಿಗೆ ಸಂತೋಷವೇ ಆಯಿತು. ಮುಂದಿನ ಬೆಂಚಿಗೆ ಬಗ್ಗಿ ಹಂಸಳ ಗಲ್ಲ ಮುಟ್ಟಿದರು.

"ತಿಂಡಿ ಆಯ್ತಾ ಕಂದ?"

ಹಂಸ ಬಾಯಿ ತೆರೆದಳು. ಮುಚ್ಚಿಕೊಂಡಳು. ಅವಳ ಕಣ್ಣು ಮಿಸ್ಸಿನ ಬ್ಯಾಗಿನ ಮೇಲೆ ಹೋಯಿತು. ಇಡೀ ಕ್ಲಾಸಿನ ಕಣ್ಣೂ ಅಲ್ಲೇ ಇತ್ತು.

"ಹೋಗ್ಲಿ, ಇದ್ಯಾವ ಪ್ರಾಣಿ?" ಅಮೃತಮ್ಮ ಕೋತಿಯ ಮೇಲೆ ಬೆರಳಿಟ್ಟರು. ಹಿಂದಿನ ಬೆಂಚಿನಲ್ಲಿ ಒಬ್ಬನ ತುಟಿ ಅಲ್ಲಾಡಿತು. ಪಕ್ಕದವನು ಬೆರಳು ತೋರಿಸಲು ತಯಾರಾಗಿ ಕಾದಿದ್ದ. ತುಟಿ ನಿಂತಿತು. ಇದೂ ತನ್ನದೇ ಬಲೆ ಎಂದು ಮಕ್ಕಳು ತಿಳಿದಿವೆ ಎಂಬುದು ಆದಿಲಕ್ಷ್ಮಿಗೆ ಈಗ ಅರ್ಥವಾಯಿತು.

ಅಮೃತಮ್ಮ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ಹೆದರ್ಕೊಂಡಿದಾವೆ ಪಾಪ. ಒಂದು ಮಗು ಕೋತಿ ಅಂದ್ರೂ ಸಾಕಮ್ಮ, ಕನ್ನಡ ಶಾಲೆ ಅಂತ ಬರ್ದು ಹೋಗ್ತೀನಿ. ಮುಚ್ಸೋಕೆ ನಂಗೇನು ಆಸೆನಾ?"

"ಹೇಳಮ್ಮ ಹಂಸ," ಆದಿಲಕ್ಷ್ಮಿ ಬೆಂಚಿನ ಹತ್ತಿರ ಬಂದು ಬಗ್ಗಿದಳು. "ಕನ್ನಡದಲ್ಲೇ ಹೇಳು. ನಾನೇನೂ ಮಾಡಲ್ಲ."

ಆ ಮಾತು ಕೇಳಿದ್ದೇ ತಡ, ಹಂಸ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಗ ಹಿಂದಿನಿಂದ ಯಾರೋ ಜಾಣ "ಮಂಕಿ, ಮೇಡಮ್!" ಎಂದ. ಕಟ್ಟೆ ಒಡೆದ ಹಾಗಾಯಿತು. ಮಕ್ಕಳೆಲ್ಲ ಎದ್ದು ನಿಂತು, ಮಿಸ್ಸಿಗೆ ಹೆಸರು ತಂದುಕೊಡುವ ಉಮೇದಿನಲ್ಲಿ, ಟೂಕನ್ ಹ್ಯಾಸ್ ಎ ಬಿಗ್ ಬೀಕ್, ಜಾಗ್ವಾರ್ ಹ್ಯಾಸ್ ಶಾರ್ಪ್ ಟೀತ್ ಎಂದು ಕೂಗತೊಡಗಿದವು. ಒಂದು ಉಚ್ಚಾರಣೆಯೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವು ಯಾವತ್ತೂ ಹೇಳಿರಲಿಲ್ಲ. ಅಮೃತಮ್ಮ ಪೆನ್ನಿನ ಕ್ಯಾಪು ಹಾಕಿಕೊಂಡು, ಯಾರನ್ನೂ ನೋಡದೆ ಹೊರಟರು.

ಕೆಂಪರಾಜ್ ಬೈಯಲಿಲ್ಲ. "ಬಿಡಿ ಮಿಸ್, ಇದನ್ನೂ ಸೈಟ್ ಮಾಡ್ಬಿಡ್ತೀನಿ. ಮಾರ್ಚ್‌ವರ್ಗೂ ನಡೀಲಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಬೆಲ್ಲು ಹೊಡೆದು ಮಕ್ಕಳು ಹೋದರು. ಆದಿಲಕ್ಷ್ಮಿ ಚಾರ್ಟಿನ ಕೆಳಗೆ ಕೂತಿದ್ದಳು. ಬಾಗಿಲಲ್ಲಿ ಹಂಸ ನಿಂತಿದ್ದಳು, ಬರಿಗೊರಳನ್ನು ಸವರಿಕೊಳ್ಳುತ್ತ. ಮುಖ ಅರಳಿತ್ತು.

"ಮಿಸ್, ಟುಡೇ ನೋ ಸ್ಲಾತ್!"

ಆದಿಲಕ್ಷ್ಮಿಗೆ ಅಳು ತಡೆಯಲಾಗಲಿಲ್ಲ. ಕೈ ಚಾಚಿ ಕರೆದಳು. "ಬಾ ಕಂದ ಇಲ್ಲಿ. ಒಂದ್ ಮಾತಾಡೇ. ನಿಂಗೆ ತೋಚಿದ್ದು ಏನಾದ್ರೂ ಮಾತಾಡು. ಇನ್ಮೇಲೆ ಅದೆಲ್ಲ ಇಲ್ಲ ಕಣೆ, ದೇವ್ರಾಣೆಗೂ ಇಲ್ಲ."

ಹಂಸ ಒಂದು ಹೆಜ್ಜೆ ಹಿಂದೆ ಸರಿದಳು. ಬಾಯಿ ಮುಚ್ಚಿಕೊಂಡು, ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಈ ಸಲ ಮಿಸ್ಸಿನ ಆಟ ಗೊತ್ತಾಗಿದ್ದಕ್ಕೆ ಅವಳ ಕಣ್ಣುಗಳು ನಗುತ್ತಿದ್ದವು. ಆಮೇಲೆ ಬ್ಯಾಗು ಕುಣಿಸುತ್ತ ಗೇಟಿನ ಕಡೆ ಓಡಿದಳು. ಆದಿಲಕ್ಷ್ಮಿ ಹೆಸರು ಹಿಡಿದು ಕೂಗಿದರೂ ತಿರುಗಿ ನೋಡಲಿಲ್ಲ.