ಮೂರು ತುಳಿತದ ಬ್ರೇಕು

ಎರಡು ವರ್ಷದ ಮೇಲೆ ಮೇಷ್ಟ್ರ ಹೆಂಡತಿ ಮನೆಯ ಹಳೇ ಕಾರನ್ನು ಹೊರಗೆ ತೆಗೆದವಳು, ಬೀದಿಯ ಮೂಲೆಯಿಂದಲೇ ವಾಪಸ್ಸು ಬಂದಳು. ಸೋಮವಾರದಿಂದ ಹೊಸ ಕೆಲಸಕ್ಕೆ ಅವಳು ಇದರಲ್ಲೇ ದೊಡ್ಡ ಇಳಿಜಾರು ಇಳಿದು ಹೋಗಬೇಕಿತ್ತು.

"ರೀ, ಇದಕ್ಕೆ ಬ್ರೇಕೇ ಇಲ್ವಲ್ರೀ!"

"ಇದೆ ಕಣೇ. ಮೊದಲನೇ ಸಲ ತುಳಿದ್ರೆ ಕೇಳಿಸಲ್ಲ, ಎರಡನೇ ಸಲ 'ಯಾರದೂ?' ಅನ್ನುತ್ತೆ, ಮೂರನೇ ಸಲಕ್ಕೆ ನಿಲ್ಲುತ್ತೆ," ಎಂದು ಮೇಷ್ಟ್ರು ಮುದುಕಿಯ ದನಿ ತೆಗೆದರು.

"ಎದುರಿಗೆ ಬರೋ ಲಾರಿ ಅಲ್ಲಿವರೆಗೂ ಕಾಯುತ್ತಾ?"

ಹಳೇ ಗಾಡಿಯ ಜೊತೆ ಹೊಂದಿಕೊಳ್ಳಬೇಕು ಎಂಬುದು ಮೇಷ್ಟ್ರ ವಾದ. ಅದನ್ನು ಸಾಧಿಸಿ ತೋರಿಸಲೆಂದೇ ಹೆಂಡತಿಯನ್ನು ಕೂರಿಸಿಕೊಂಡು, ಆಮೆಯ ವೇಗದಲ್ಲಿ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಬ್ರೇಕನ್ನು ಒಂದೇ ಸಲ ಒತ್ತಿದ. ಪೆಡಲು ಸೀದಾ ನೆಲ ಮುಟ್ಟಿತು.

"ಯಾವಾಗಿಂದ ಹೀಗಿದೆ ಸಾರ್?"

"ಮೊದಲಿಂದಲೂ ಹೀಗೇ ಇದೆಯಲ್ಲಯ್ಯ!"

"ಹಾಗಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಫೋಟೋ ಗೋಡೆ ಮೇಲಿರ್ತಿತ್ತು. ಒಳಗಿನ ರಬ್ಬರು ದಿನಾ ಒಂಚೂರು ಸವೆದಿದೆ, ನಿಮ್ಮ ಕಾಲು ದಿನಾ ಒಂಚೂರು ಸುಧಾರಿಸ್ಕೊಂಡಿದೆ. ಅಕ್ಕ ಇಷ್ಟು ದಿನ ಓಡಿಸ್ತಿರ್ಲಿಲ್ಲ, ಅದಕ್ಕೇ ಅವರಿಗೆ ತಕ್ಷಣ ಗೊತ್ತಾಯ್ತು."

ಮಧ್ಯಾಹ್ನದ ಹೊತ್ತಿಗೆ ಹೊಸ ರಬ್ಬರು ಕೂತಿತು. ಮೇಷ್ಟ್ರು ಗತ್ತಿನಿಂದ ಸ್ಟೀರಿಂಗ್ ಹಿಡಿದು ಹೊರಟರು. ಗ್ಯಾರೇಜಿನ ಗೇಟಿನಲ್ಲಿ ಒಮ್ಮೆ ತುಳಿದಿದ್ದೇ ತಡ, ಕಾರು ಮೊಳೆ ಹೊಡೆದಂತೆ ನಿಂತು ಅವರ ಕನ್ನಡಕ ಮಡಿಲಿಗೆ ಹಾರಿತು. ಅವರು ಇಳಿದು, ಸುತ್ತು ಹಾಕಿ ಬಂದು ಹೆಂಡತಿಯ ಕಡೆಯ ಬಾಗಿಲು ತೆರೆದರು.

"ನೀನೇ ಓಡಿಸು. ನನ್ನ ಕಾಲು ಇನ್ನೂ ರಿಪೇರಿ ಆಗಿಲ್ಲ."