ಸೊಟ್ಟೋ, ಸಡಲೋ

"ಬೆಲ್ಟು!" ಎಂದು ಪದ್ಮಜಾ ಟೀಚರು ಇಮಾಮಸಾಬರ ಬಲಗಿವಿಗೆ ಬಾಯಿ ಹಚ್ಚಿ ಕೂಗಿದಾಗ, ಅಂಗಳದ ಚಾಪೆಯ ಮೇಲೆ ಕುರಾನ್ ಓದುತ್ತಿದ್ದವರ ದನಿ ಒಂದು ಕ್ಷಣ ನಿಂತಿತು. "ಗಾಡಿ ಬೆಲ್ಟ್ ರೀ! ಚೀಂವ್ ಚೀಂವ್ ಅನ್ನಾಕತ್ತೈತಂತ!"

ಇಮಾಮಸಾಬರು ತಲೆಯೆತ್ತಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ತಲೆಯೆತ್ತಿದ್ದು ಅದೇ ಮೊದಲು.

ಜೈನಬಿಯನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಬೆಳಗಿನ ಚಹಾ ಕುಡಿದು "ಒಂದೀಟ ಅಡ್ಡಾಗ್ತೇನಿ" ಎಂದವಳು ಹಾಗೆಯೇ ಹೋಗಿಬಿಟ್ಟಿದ್ದಳು. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಮುಖವೊಂದನ್ನು ತೆರೆದಿಟ್ಟಿದ್ದರು. ತೆರೆದಿಟ್ಟದ್ದು ಬಾದಾಮಿಗೆ ಕೊಟ್ಟ ಮಗಳು ಆರಿಫಾಳಿಗಾಗಿ. ಇಳಕಲ್ಲಿನ ಆ ಓಣಿಯ ಮುಸಲ್ಮಾನರಲ್ಲಿ ಹೆಣ್ಣುಮಕ್ಕಳು ಕಬರಸ್ತಾನದ ಒಳಗೆ ಹೋಗುವ ವಾಡಿಕೆಯಿಲ್ಲ. ಮನೆಯಲ್ಲಿ ನೋಡಿದರೆ ನೋಡಿದಂತೆ, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದ ನಮಾಜಿಗೆ ಎತ್ತಬೇಕಾಗಿದ್ದ ಜನಾಜಾವನ್ನು ಆಕೆಗಾಗಿ ಸಂಜೆಯ ಅಸರ್ ನಮಾಜಿಗೆ ಮುಂದೂಡಿದ್ದರು. ಬೇಸಿಗೆಯ ಬಿಸಿಲು ಬೇರೆ. "ಅದಕ್ಕಿಂತ ಮುಂದ ಹಾಕೂದು ಬ್ಯಾಡ್ರಿ, ತೀರಿದವರನ್ನ ಕಾಯಿಸಬಾರದು" ಎಂದು ಹಿರಿಯರು ಮೆಲ್ಲಗೆ ಹೇಳಿದ್ದರು.

ಆರಿಫಾ ಬರುತ್ತಿದ್ದದ್ದು ತನ್ನ ತಂದೆ ಬಾಡಿಗೆಗೆ ಓಡಿಸುವ ಹಳೆಯ ಅಂಬಾಸಿಡರ್ ಕಾರಿನಲ್ಲಿಯೇ. ಹಿಂದಿನ ದಿನ ಗುಡಿ ನೋಡುವವರ ಬಾಡಿಗೆ ಬಂದಾಗ ಜೈನಬಿ, "ನನಗ್ಯಾಕೋ ಮೈ ಭಾರ ಆಗೈತಿ, ಅಕೀಲ ಹೋಗಿ ಬರಲಿ" ಎಂದಿದ್ದಳು. ಅಕೀಲ ಇಮಾಮಸಾಬರ ಅಣ್ಣನ ಮಗ. ಬಾಡಿಗೆ ಮುಗಿಸಿ ಬಾದಾಮಿಯಲ್ಲೇ ಉಳಿದಿದ್ದವನು, ಸುದ್ದಿ ತಿಳಿದೊಡನೆ ಆರಿಫಾಳನ್ನು ಕೂರಿಸಿಕೊಂಡು ಹೊರಟಿದ್ದ. ಈಗ ಐಹೊಳೆ ದಾಟಿ ಅಮೀನಗಡದ ಹಾದಿಯಲ್ಲಿ ನಿಂತು ಫೋನು ಮಾಡಿದ್ದ.

ಫೋನು ಗ್ಯಾರೇಜಿನ ಖಾದರಬಾಷಾನ ಕೈಯಲ್ಲಿತ್ತು. ಎಲ್ಲರಿಗೂ ಕೇಳಲೆಂದು ಅದನ್ನು ಅಂಗೈ ಮೇಲೆ ಪ್ರಸಾದದಂತೆ ಹಿಡಿದಿದ್ದ.

"ಟೈಟ್ ಮಾಡಲೇ ಅದನ್ನ!" ಎಂದು ಅದಕ್ಕೆ ಕೂಗಿದ.

"ಮಾಡೀನಿ ಕಾಕಾ!" ಅಕೀಲನ ದನಿ ಅಳುವಂತಿತ್ತು. "ಪಟ್ಟದಕಲ್ಲಿನಾಗ ಒಮ್ಮೆ ಮಾಡೀನಿ, ಐಹೊಳಿಯಾಗ ಇನ್ನೊಮ್ಮೆ ಮಾಡೀನಿ. ಮಾಡಿದಷ್ಟೂ ಜೋರ ಆಗಾಕತ್ತೈತಿ. ಈಗ ಬೆಲ್ಟಿನ ಅಂಚು ನಾರು ನಾರು ಬಿಟ್ಟೈತಿ."

"ಸಾಬೂನ ತಿಕ್ಕಂತ ಹೇಳು," ಎಂದರು ಬಾಗಿಲಲ್ಲಿ ನಿಂತವರೊಬ್ಬರು.

"ಸಾಬೂನ ಯಾಕ, ಮೇಣಬತ್ತಿ ತಿಕ್ಕಲಿ."

"ಪೌಡರ್ ಹಾಕ್ರಿ, ಮಾರಿಗೆ ಹಚ್ಚೂದು. ನಮ್ಮ ಹಿಟ್ಟಿನ ಗಿರಣಿಗೆ ಅದನ್ನ ಹಾಕ್ತೀವಿ."

ಕುರಾನ್ ಓದುತ್ತಿದ್ದವರಲ್ಲೇ ಒಬ್ಬರು, ಸಾಲು ತಪ್ಪದಂತೆ ಪುಟದ ಮೇಲೆ ಬೆರಳಿಟ್ಟುಕೊಂಡು, "ಡೈನಮೋದ ಬೇರಿಂಗ್ ಹೋಗಿರತೈತಿ" ಎಂದು ಹೇಳಿ ಮತ್ತೆ ಓದತೊಡಗಿದರು.

ಖಾದರಬಾಷಾ ತಲೆ ಕೊಡವಿದ. "ಬೆಲ್ಟು ಹರೀತಂದ್ರ ಫ್ಯಾನೂ ಇಲ್ಲ, ನೀರೂ ತಿರಗೂದಿಲ್ಲ. ಈ ಬಿಸಲಾಗ ಎಂಜಿನ್ ಕುದ್ದು ಹೋಗತೈತಿ. ನಾ ಬೈಕ್ ತಗೊಂಡು ಹೋಗಿ ತಂಗೀನ್ನ ಕರಕೊಂಡ ಬರ್ಲೇನು?"

"ನೀ ಹೋಗಿ ಬರೂದ್ರಾಗ ಅಸರ್ ಮುಗದು ಮಣ್ಣೂ ಆಗಿರತೈತಿ," ಎಂದರು ಪದ್ಮಜಾ ಟೀಚರು. ಅವರು ಪಕ್ಕದ ಮನೆಯವರು, ನಿವೃತ್ತರು. ಮಗ್ಗಿ ಹೇಳಿಸಿ ಹೇಳಿಸಿ ಗಟ್ಟಿಯಾದ ಅವರ ಸಾಲಿ ದನಿಯೊಂದೇ ಈಗ ಇಮಾಮಸಾಬರ ಕಿವಿಯೊಳಗೆ ಇಳಿಯುತ್ತಿತ್ತು. ಒಳಕೋಣೆಯ ಕಡೆ ನೋಡಿ ಅವರು ದನಿ ತಗ್ಗಿಸಿದರು. "ಈ ಗಾಡಿ ಸಪ್ಪಳ ತಿಳೀತಿದ್ದದ್ದು ಒಬ್ಬಾಕಿಗೆ. ಆಕೀ ನೋಡಿದರ ಇವತ್ತ ಒಂದ ಮಾತ ಆಡವಲ್ಲಳು."

*

ಇಮಾಮಸಾಬರ ಕಿವಿ ಹೋದದ್ದು ಕಲ್ಲಿನ ಗಣಿಯಲ್ಲಿ. ಇಳಕಲ್ಲಿನ ಕೆಂಪು ಕಲ್ಲು ಕೊರೆಯುವ ಯಂತ್ರದ ಪಕ್ಕದಲ್ಲಿಯೇ ಅವರ ಹರೆಯ ಕಳೆಯಿತು. ಗಣಿಯ ಕೆಲಸ ಬಿಟ್ಟು ಹಳೆಯ ಕಾರು ಕೊಂಡಾಗ ಅವರಿಗೆ ಲೋಕವೇ ಹತ್ತಿಯಲ್ಲಿ ಸುತ್ತಿಟ್ಟಂತೆ ಆಗಿತ್ತು. ಒಮ್ಮೆ ಹುನಗುಂದದಿಂದ ಬರುವಾಗ ಹಾರ್ನು ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಕೊಂಡು ಊರ ತನಕ ಕೂಗುತ್ತಲೇ ಬಂತು. "ಜನರಿಗೆ ಈಗೀಗ ಭಾಳ ತಿಳಿವಳಿಕಿ ಬಂದೈತಿ, ಎಲ್ಲಾರೂ ದಾರಿ ಬಿಡ್ತಾರ" ಎಂದು ಅವರು ಮನೆಗೆ ಬಂದು ಸಂತೋಷದಿಂದ ಹೇಳಿದರು. ಬಾಗಿಲಲ್ಲಿ ಇಡೀ ಓಣಿಯೇ ಕಿವಿ ಮುಚ್ಚಿಕೊಂಡು ನಿಂತಿತ್ತು.

ಮರುದಿನದಿಂದ ಜೈನಬಿ ಮುಂದಿನ ಎಡಗಡೆಯ ಸೀಟಿನಲ್ಲಿ ಕೂತಳು. ಮತ್ತೆ ಇಳಿಯಲಿಲ್ಲ.

ಅವಳು ನೇಕಾರರ ಮನೆಯಲ್ಲಿ ಹುಟ್ಟಿದವಳು. ಕೈಗೆ ಬುದ್ಧಿ ಬಂದಾಗಿನಿಂದ ಅಪ್ಪನ ಮಗ್ಗದ ಪಕ್ಕದಲ್ಲಿ ಕೂತು ನೂಲು ಸುತ್ತಿದವಳು. ಲಾಳಿ ಸರಿಯಾಗಿ ಓಡುತ್ತಿದೆಯೋ, ಅಂಚಿಗೆ ಉಜ್ಜುತ್ತಿದೆಯೋ ಎಂಬುದು ಅವಳಿಗೆ ನೋಡದೆಯೇ ತಿಳಿಯುತ್ತಿತ್ತು. ಕಾರಿನ ಸಪ್ಪಳಗಳಿಗೆ ಅವಳು ತನಗೆ ತಿಳಿದ ಹೆಸರು ಕೊಟ್ಟಳು. ಒಂದು ರೊಟ್ಟಿ ಬಡಿಯುವ ಸಪ್ಪಳ, ಒಂದು ಅತ್ತಿ ಗೊಣಗುವ ಸಪ್ಪಳ, ಒಂದು ಗುಬ್ಬಿ.

ಕಿವುಡರಿಗೆ ದಾರಿಯುದ್ದಕ್ಕೂ ಕೂಗಿ ಹೇಳಲು ಆಗುತ್ತದೆಯೇ? ಅದಕ್ಕೆ ಬೆರಳಿನ ಉಂಗುರದಿಂದ ಮುಂದಿನ ಹಲಗೆಗೆ ಬಡಿಯುತ್ತಿದ್ದಳು. ಅವರಿಗೆ ಕೇಳದಿದ್ದರೂ ಬೆರಳು ಕಾಣುತ್ತಿತ್ತು. ಎರಡು ಸಲ ಬಡಿದರೆ ನಿಲ್ಲಿಸು. ಒಂದು ಸಲ ಬಡಿದರೆ ಎಲ್ಲ ಸರಿಯಿದೆ, ನಡೆ. ಬಡಿದು ಬಡಿದು ಆ ಜಾಗದ ಬಣ್ಣ ಹೋಗಿ ಬಟ್ಟಲಗಲ ಬಿಳುಪಾಗಿತ್ತು.

ಗುಬ್ಬಿ ಮೊದಲು ಕೂಗಿದ್ದು ಕೂಡಲಸಂಗಮದ ಹಾದಿಯಲ್ಲಿ. ಎರಡು ಸಲ ಬಡಿದಳು. ಇಮಾಮಸಾಬರು ಬಾನೆಟ್ ಎತ್ತಿ, ಪಾನಾ ಹಿಡಿದು ಬೆಲ್ಟು ಬಿಗಿ ಮಾಡಲು ಹೊರಟರು. ಬೆಲ್ಟು ಕೂಗಿದರೆ ಎಲ್ಲರೂ ಮಾಡುವುದು ಅದನ್ನೇ. ಜೈನಬಿ ಕುಡಿಯುವ ನೀರಿನ ಬಾಟಲಿ ತಂದು, ತಿರುಗುತ್ತಿದ್ದ ಬೆಲ್ಟಿನ ಮೇಲೆ ದೂರದಿಂದ ಸ್ವಲ್ಪ ಸುರಿದಳು.

"ಏ ಹುಚ್ಚೀ! ಏನ ಮಾಡ್ತೀ?"

"ಗುಬ್ಬಿಗೆ ನೀರಡಿಸ್ಯಾವೇನೋ ನೋಡೂಣಂತ," ಎಂದು ಅವಳು ಅವರ ಕಿವಿಗೇ ಕೂಗಿದಳು.

ಗುಬ್ಬಿ ಸುಮ್ಮನಾಯಿತು. ಬೆಲ್ಟು ಒಣಗಿದೊಡನೆ ಮತ್ತೆ ಕೂಗಿತು. ಅವಳು ಕೈಯನ್ನು ಲಾಳಿಯಂತೆ ಓರೆ ಮಾಡಿ ತೋರಿಸಿದಳು. "ಸಡಲ ಅಲ್ಲ, ಸೊಟ್ಟ. ಸಡಲ ಇದ್ದಿದ್ರ ನೀರು ಬಿದ್ದಕೂಡ್ಲೆ ಜಾರಿ ಇನ್ನಷ್ಟು ಒದರತಿತ್ತು. ಇದು ಓರೆ ಓಡಾಕತ್ತೈತಿ, ಅಂಚಿಗೆ ಉಜ್ಜತೈತಿ. ಬಿಗಿ ಮಾಡಿದ್ರ ಹರೀತೈತಿ."

"ನಿನಗ್ಯಾರು ಹೇಳಿದ್ರು?"

"ನಮ್ಮಪ್ಪನ ಲಾಳಿ."

ಖಾದರಬಾಷಾ ನೋಡಿದಾಗ ಬೆಲ್ಟು ಓಡುವ ಚಕ್ರವೊಂದು ಎಳ್ಳಷ್ಟು ಹಿಂದೆ ಸರಿದಿತ್ತು. ಅಂದಿನಿಂದ ಜೈನಬಿಗೆ ಅದೊಂದು ಅಳತೆಗೋಲೇ ಆಯಿತು. ಓಣಿಯಲ್ಲಿ ಯಾರು ಜಗಳ ಮಾಡಿದರೂ, ಯಾರು ಅತ್ತರೂ ಮೊದಲು ಒಂದು ಲೋಟ ನೀರು ಕೊಡುತ್ತಿದ್ದಳು. ಕುಡಿದು ಸುಮ್ಮನಾದರೆ, "ಎಲ್ಲೋ ಸೊಟ್ಟ ಐತಿ, ಕುಂತು ಮಾತಾಡಿ ನೆಟ್ಟಗ ಮಾಡ್ರಿ." ಕುಡಿದ ಮೇಲೂ ಜೋರಾದರೆ, "ಇದು ಸಡಲ. ಬಿಟ್ಟುಬಿಡ್ರಿ, ಒದರಿ ಒದರಿ ತಾನ ನಿಲ್ತೈತಿ." ಖಾದರಬಾಷಾನನ್ನು ಅವಳು ಯಾವತ್ತೂ ಸಡಲದ ಪೈಕಿಗೇ ಸೇರಿಸಿದ್ದಳು.

*

"ನೀರ ಹಾಕ್ರಿ," ಎಂದರು ಇಮಾಮಸಾಬರು.

ಯಾರಿಗೋ ನೀರು ಬೇಕಾಗಿದೆಯೆಂದು ಒಬ್ಬರು ತಂಬಿಗೆ ತಂದರು. ಇಮಾಮಸಾಬರು ಗೋಡೆ ಹಿಡಿದು ಎದ್ದರು. "ನನಗಲ್ಲ. ಬೆಲ್ಟಿಗೆ. ಫೋನು ಅಕೀಲನ ಕೈಯಾಗ ಬ್ಯಾಡ, ಆರಿಫಾಗ ಕೊಡಂತ ಹೇಳ್ರಿ. ಅಂವ ಹೆದರ್ಯಾನ. ಹೆದರಿದಾಂವಗ ಎಲ್ಲಾ ಸಪ್ಪಳಾನೂ ಒಂದ."

ಫೋನಿನಲ್ಲಿ ಆರಿಫಾ ಬಂದಳು. ದಾರಿಯುದ್ದಕ್ಕೂ ಅತ್ತಿದ್ದಳು. "ಅಬ್ಬಾ, ನನಗೇನ ತಿಳೀತೈತಿ ಇದರಾಗ? ನನಗ ಅಮ್ಮನ ಮಾರಿ ನೋಡಬೇಕಷ್ಟ."

ಪದ್ಮಜಾ ಟೀಚರು ಅದನ್ನು ಇಮಾಮಸಾಬರ ಕಿವಿಗೆ ಕೂಗಿದರು.

"ನಿಮ್ಮಮ್ಮ ಏನ ಕೇಳ್ತಿದ್ಲವಾ?" ಎಂದರು ಇಮಾಮಸಾಬರು ಫೋನಿನ ಕಡೆ ಬಾಗಿ.

ಆರಿಫಾ ಮೂಗೊರೆಸಿಕೊಂಡು ಹೇಳಿದಳು. "ಸೊಟ್ಟೋ, ಸಡಲೋ."

"ಹಾಂ. ಅಕೀಲಾ, ಗಾಡಿ ಚಾಲೂ ಮಾಡು. ಸೆರಗ ಬಿಗಿಯಾಗಿ ಕಟ್ಟಿಕೋ ಮಗಳ, ದೂರ ನಿಂತು ಹಾಕು."

ಎಂಜಿನ್ ಗುಡುಗಿತು. ಚೀಂವ್ ಚೀಂವ್ ಎಂದು ಗುಬ್ಬಿ ಕೂಗಿತು. ಅಂಗಳವೆಲ್ಲ ಫೋನಿನ ಕಡೆ ಬಾಗಿತು. ಕುರಾನ್ ಓದುವವರೂ ನಿಲ್ಲಿಸಿದರು. ಇಮಾಮಸಾಬರಿಗೆ ಮಾತ್ರ ಯಾವ ಸಪ್ಪಳವೂ ಕೇಳಲಿಲ್ಲ. ಅವರು ನೆರೆದವರ ಮುಖ ನೋಡುತ್ತ ನಿಂತರು. ಮುಖಗಳು ಒಮ್ಮೆಲೇ ಅರಳಿದವು. ಗುಬ್ಬಿ ಸುಮ್ಮನಾಗಿರಬೇಕು. ಮತ್ತೆ ಒಂದೊಂದಾಗಿ ಬಾಡಿದವು. ಪದ್ಮಜಾ ಟೀಚರು ಕೂಗಲು ಬಾಯಿ ತೆರೆಯುವ ಮೊದಲೇ ಅವರು "ಸೊಟ್ಟ" ಎಂದರು. ಅದೇ ಗಳಿಗೆಗೆ ಫೋನಿನಿಂದ ಆರಿಫಾಳೂ, "ಸೊಟ್ಟ ಐತಿ ಅಬ್ಬಾ!" ಎಂದಳು.

ಖಾದರಬಾಷಾನ ಮುಖಕ್ಕೆ ಕಳೆ ಬಂತು. "ಹಂಗಾರ ಆ ಬೆಲ್ಟ್ ತಿರಗಸೂ ಡೈನಮೋ ಓರೆಯಾಗೈತಿ. ಗಾಡಿ ಬಂದ್ ಮಾಡಿ ಅದರ ಬೋಲ್ಟ್ ನೋಡಲೇ ಅಕೀಲ, ಅದನ್ನ ನೆಟ್ಟಗ ಹಿಡಿಯೂ ವಾಷರ್ ಐತೇನು?"

ಸ್ವಲ್ಪ ಹೊತ್ತಿನ ಮೇಲೆ ಅಕೀಲ ಹೇಳಿದ, "ಇಲ್ಲ ಕಾಕಾ. ದಾರ್ಯಾಗ ಉದುರೇತಿ. ಈ ಜ್ವಾಳದ ಹೊಲದ ನಡಬರಕ ವಾಷರ್ ಎಲ್ಲಿಂದ ತರಲಿ?"

ಇಮಾಮಸಾಬರು, ಟೀಚರು ಕೂಗಿ ಹೇಳಿದ್ದನ್ನು ಕೇಳಿ, ಬೆಳಗಿನಿಂದ ಮೊದಲ ಸಲ ನಕ್ಕರು. "ಮುಂದಿನ ಖಾನೆಯಾಗ ಆಕೀ ಅಡಕಿ ಡಬ್ಬಿ ಐತಿ. ತಗೀರಿ."

ಜೈನಬಿ ರಸ್ತೆಯಲ್ಲಿ ಯಾವಾಗಲೂ ತಲೆ ಬಗ್ಗಿಸಿ ನಡೆಯುತ್ತಿದ್ದಳು. ಹೊಸಬರು, ಎಂಥ ಮರ್ಯಾದಸ್ಥ ಹೆಣ್ಣುಮಗಳು ಎಂದುಕೊಳ್ಳುತ್ತಿದ್ದರು. ಅವಳು ಬಿದ್ದ ನಟ್ಟು, ಬೋಲ್ಟು, ವಾಷರು ಹುಡುಕುತ್ತಿದ್ದಳು. ಸಿಕ್ಕದ್ದೆಲ್ಲ ಆ ಡಬ್ಬಿಗೆ ಹೋಗುತ್ತಿತ್ತು. "ಚಾಚಿ, ಡಬ್ಬ್ಯಾಗಿನ ಸಾಮಾನ ಕೂಡಿಸಿದರ ಇನ್ನೊಂದು ಕಾರ್ ಆಗತೈತಿ" ಎಂದು ಅಕೀಲ ಎಷ್ಟು ಸಲ ಛೇಡಿಸಿದ್ದನೋ.

ಫೋನಿನಲ್ಲಿ ಡಬ್ಬಿ ಅಲ್ಲಾಡಿದ ಸಪ್ಪಳ ಬಂತು. "ಅದಾವ!" ಎಂದಳು ಆರಿಫಾ. "ಲವಂಗದ ನಡುವ ವಾಷರ್ ಅದಾವ ಅಬ್ಬಾ. ಅಮ್ಮನ ಬಾಯಿ ವಾಸನಿನ ಬರಾಕತ್ತೈತಿ." ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

"ಅಳೂದು ಆಮ್ಯಾಲ ತಂಗಿ, ಮೊದಲ ಬೋಲ್ಟ್ ಬಿಗಿ ಮಾಡಸು," ಎಂದು ಖಾದರಬಾಷಾ ಗದರಿದ. ತನ್ನ ಕಣ್ಣನ್ನು ತೋಳಿನಿಂದ ಒರೆಸಿಕೊಂಡ.

*

ಕಾರು ಓಣಿಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಗುಬ್ಬಿಯ ದನಿಗಾಗಿ ಎಲ್ಲರೂ ಕಿವಿ ಕೊಟ್ಟು ಕೂತಿದ್ದರು. ಬಾಗಿಲು ಧಡಾರನೆ ಹಾಕಿದಾಗಲೇ ತಿರುಗಿ ನೋಡಿದರು. ಮಸೀದಿಯಲ್ಲಿ ಅಸರ್‌ನ ಅಜಾನ್ ಆಗತೊಡಗಿತ್ತು.

ಆರಿಫಾ ಓಡಿ ಒಳಗೆ ಬಂದಳು. ಒಂದು ಕೈಯಲ್ಲಿ ಡಬ್ಬಿ, ಎರಡೂ ಕೈಗೆ ಕರಿ ಎಣ್ಣೆ. ತಾಯಿಯ ಪಕ್ಕಕ್ಕೆ ಹೋಗಿ ಮೊಣಕಾಲೂರಿದವಳು ಒಮ್ಮೆಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಿಳಿ ಬಟ್ಟೆಗೆ ಕಲೆಯಾಗಬಾರದು. ಹಾಗೆಯೇ ಬಾಗಿ ತಾಯಿಯ ಕೆನ್ನೆಗೆ ತನ್ನ ಕೆನ್ನೆ ಹಚ್ಚಿದಳು. ಬಹಳ ಹೊತ್ತು ಏಳಲಿಲ್ಲ. ಹೊರಗಿನ ಹಿರಿಯರು ಒಮ್ಮೆ ಕೆಮ್ಮಿದರು, ಆಮೇಲೆ ಅವರೂ ಚಾಪೆಯ ಮೇಲೆ ಕೂತರು.

ಜನಾಜಾ ಎತ್ತಿದ ಮೇಲೆ ಅವಳ ಅಳು ತಡೆಯಲಾಗಲಿಲ್ಲ. ಪದ್ಮಜಾ ಟೀಚರು ಒಂದು ಲೋಟ ನೀರು ಕುಡಿಸಿದರು. ಕುಡಿದ ಮೇಲೆ ಅಳು ಎರಡರಷ್ಟಾಯಿತು. ಏನು ಮಾಡುವುದೆಂದು ಹೆಂಗಸರು ಟೀಚರ ಮುಖ ನೋಡಿದರು.

"ಸಡಲ ಐತಿ," ಎಂದರು ಟೀಚರು ಗಂಭೀರವಾಗಿ. "ಬಿಡ್ರಿ, ಅಳಲಿ."

ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. ಅಳುತ್ತಿದ್ದ ಆರಿಫಾಳಿಗೂ ನಡುವೆಯೇ ನಗು ಬಂತು. ಸಾವಿನ ಮನೆಯ ನಗು, ತಡೆದಷ್ಟೂ ಹೆಚ್ಚುವಂಥದ್ದು.

ಮಣ್ಣು ಕೊಟ್ಟು ಗಂಡಸರು ಮರಳಿದಾಗ ಬಿಸಿಲು ಇಳಿದಿತ್ತು. "ಅಬ್ಬಾ, ಎಲ್ಲಿ ಮಲಗಿಸಿದಿರಿ?" ಎಂದು ಆರಿಫಾ ಕೇಳಿದಳು. ಇಮಾಮಸಾಬರಿಗೆ ಕೇಳಿಸಲಿಲ್ಲ, ಆದರೆ ತಿಳಿಯಿತು. ಕಬರಸ್ತಾನದ ಹೊರಗೋಡೆ ಎದೆಯೆತ್ತರವಷ್ಟೇ. ಒಳಗೆ ಹೋಗದೆ ಅಲ್ಲಿ ನಿಂತರೂ ಬೇವಿನ ಮರದ ಕೆಳಗಿನ ಹಸಿಮಣ್ಣು ಕಾಣುತ್ತದೆ. ಅವರು ಅಕೀಲನ ಮುಂದೆ ಕೈಚಾಚಿದರು, ಕೀಲಿಗಾಗಿ.

"ಚಾಚಾ, ನೀವು ಒಬ್ಬರ..." ಎನ್ನುತ್ತಲೇ ಅಕೀಲ ಕೊಟ್ಟುಬಿಟ್ಟ.

ಹಿಂದಿನ ಸೀಟಿನಲ್ಲಿ ಪದ್ಮಜಾ ಟೀಚರೂ ಇನ್ನಿಬ್ಬರು ಹೆಂಗಸರೂ ಒತ್ತೊತ್ತಾಗಿ ಕೂತರು. ಮುಂದಿನ ಎಡಗಡೆಯ ಸೀಟಿಗೆ ಯಾರೂ ಕೂರಲಿಲ್ಲ. ಆರಿಫಾ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಅಲ್ಲಿ ಕೂತಳು. ಅಡಕಿ ಡಬ್ಬಿಯನ್ನು ಖಾನೆಯಲ್ಲಿ ಅದರ ಜಾಗಕ್ಕೆ ಇಟ್ಟಳು.

ಇಮಾಮಸಾಬರು ಎಂಜಿನ್ ಚಾಲೂ ಮಾಡಿದರು. ಗೇರಿಗೆ ಕೈ ಹಾಕಿ, ಹಾಕದೆ, ಕಣ್ಣನ್ನು ಎಡಕ್ಕೆ ಹೊರಳಿಸಿ ಕಾದರು.

ಆರಿಫಾ ತಲೆ ಓರೆ ಮಾಡಿ ಕೇಳಿದಳು. ಇನ್ನೂ ಸ್ವಲ್ಪ ಕೇಳಿದಳು. ಆಮೇಲೆ ಎಣ್ಣೆಗಪ್ಪು ಪೂರ್ತಿ ಹೋಗಿರದ ಬೆರಳನ್ನು ಚಾಚಿ, ಹಲಗೆಯ ಆ ಬಿಳುಪಿನ ಮೇಲೆ ಒಂದೇ ಒಂದು ಸಲ ಬಡಿದಳು.