ಹಲ್ಲು ನಾಟದ ಕೆಂಪು ಬಿಸ್ಕತ್ತು

ನಮ್ಮ ಮನೆಯಲ್ಲಿ ಬಿಸ್ಕತ್ತನ್ನು ಮಾಡುತ್ತೇವೆ, ತಿನ್ನುವುದಿಲ್ಲ. ಮೂರು ತಲೆಮಾರಿನಿಂದ ಅದೊಂದೇ ಬಿಸ್ಕತ್ತು: ಹೃದಯದ ಆಕಾರ, ಕಡುಗೆಂಪು ಬಣ್ಣ, ಅಂಚಿಗೆ ಬಿಳಿ ಸಕ್ಕರೆಯ ಬಳ್ಳಿ, ನಡುವೆ ಉಗುರಿನಷ್ಟು ಕನ್ನಡಿ. ಇದಕ್ಕೆ ಲಿತ್ಸಿತಾರ್ ಎನ್ನುತ್ತಾರೆ. ಹುಡುಗರು ಹುಡುಗಿಯರಿಗೆ ಕೊಡುತ್ತಾರೆ, ನಮ್ಮೂರ ದೇವಮಾತೆಯ ಇಗರ್ಜಿಗೆ ಯಾತ್ರೆ ಬಂದವರು ಕೊಂಡುಹೋಗಿ ಗೋಡೆಗೆ ನೇತುಹಾಕುತ್ತಾರೆ. ಇಪ್ಪತ್ತು ವರ್ಷ ಇಟ್ಟರೂ ಕೆಡುವುದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ನಾನೂ ಕೆಟ್ಟಿಲ್ಲ.

ಅಂಚಿನ ಬಳ್ಳಿ ನನ್ನ ಪಾಲಿನ ಕೆಲಸ. ನಡುವಿನ ಹೂವೂ ಕನ್ನಡಿಯೂ ನನ್ನ ಅತ್ತೆ ಬಾರಿತ್ಸಾ ಅವರದು. ಕನ್ನಡಿಗಳಿರುವ ತಗಡಿನ ಡಬ್ಬಿಯನ್ನು ಅವರು ಯಾರಿಗೂ ಮುಟ್ಟಲು ಬಿಡುವುದಿಲ್ಲ. ನಾನು ಕಿಟಕಿಗೆ ಬೆನ್ನು ಹಾಕಿ ಕೂತು ಬಳ್ಳಿ ಎಳೆಯುತ್ತೇನೆ. ಬಲಕ್ಕೊಂದು ಸುರುಳಿ, ಎಡಕ್ಕೊಂದು ಸುರುಳಿ. ಒಮ್ಮೊಮ್ಮೆ ಕಿರುಚಬೇಕು ಅನ್ನಿಸುತ್ತದೆ. ಕಿರುಚಿದರೆ ಕೈ ಅಲುಗಿ ಬಳ್ಳಿ ಕೆಡುತ್ತದೆ ಎಂದು ಸುಮ್ಮನಾಗುತ್ತೇನೆ.

ಸೆಪ್ಟೆಂಬರಿನಲ್ಲಿ ಲೊರೆನಾ ಫೋನ್ ಮಾಡಿದಳು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಈಗ ರಾಜಧಾನಿ ಝಾಗ್ರೆಬ್‌ನಲ್ಲಿ ಬೇಕರಿ ಇಟ್ಟಿದ್ದಾಳೆ.

"ಮಿರ್ನಾ, ನಮ್ಮ ಟೇನಾಗೆ ಒಂಬತ್ತು ತುಂಬುತ್ತೆ ಕಣೇ. ಮೂರು ಹೊತ್ತೂ ವಿಡಿಯೋ ಗೇಮ್. ಪಾರ್ಟಿಗೆ ಗೇಮ್ ಥರದ ಬಿಸ್ಕತ್ತೇ ಬೇಕಂತೆ. ಹತ್ತು ದೆವ್ವ, ಇಪ್ಪತ್ತು ಹೃದಯ. ಆಟದಲ್ಲಿ ಒಂದೊಂದು ಹೃದಯಾನೂ ಒಂದೊಂದು ಜೀವ ಅಂತೆ. ಮೂರು ಹೋದ್ರೆ ಸತ್ತ ಹಾಗೆ."

"ಮಾಡ್ಕೊಡ್ತೀನಿ."

"ಕೇಳಿಲ್ಲಿ. ಮಕ್ಕಳಿಗೆ ಹಿಡಿಸ್ತು ಅಂದ್ರೆ ಒಂದನೇ ತಾರೀಖಿಂದ ನನ್ನ ಅಂಗಡಿಗೇ ಬಂದ್ಬಿಡು. ಮೇಲ್ಗಡೆ ರೂಮ್ ಖಾಲಿ ಇದೆ."

ಫೋನ್ ಇಟ್ಟ ಕೂಡಲೇ ಗಂಡ ತಿಹೊಮಿರ್‌ಗೆ ಹೇಳಿದೆ. ಅವನು ಬಾಗಿಲು ಮುಚ್ಚಿದೆಯೇ ಎಂದು ನೋಡಿ, "ನಿಂಗಲ್ಲಿ ಕೆಲಸ ಗಟ್ಟಿಯಾದ್ರೆ ನಾನೂ ಬರ್ತೀನಿ. ಆದ್ರೆ ಅಮ್ಮನ ಹತ್ರ ನೀನೇ ಮಾತಾಡು" ಎಂದ. ತಾಯಿಯ ಎದುರು ಅವನ ಬಾಯಿ ಎಂದೂ ತೆರೆದದ್ದಿಲ್ಲ. ಇಷ್ಟು ಹೇಳಿದ್ದೇ ದೊಡ್ಡದು.

ಮೂರು ವಾರ ಕೈಯಲ್ಲಿತ್ತು. ಹಿಟ್ಟು ಕಲಸಿ ಎರಡು ದಿನ ಬಿಟ್ಟೆ. ಹೃದಯಕ್ಕೆ ಮನೆಯ ಅಚ್ಚು ಆಗಲಿಲ್ಲ. ಆಟದ ಹೃದಯಕ್ಕೆ ದುಂಡಗಿನ ಅಂಚಿಲ್ಲ, ಪುಟ್ಟ ಪುಟ್ಟ ಚೌಕ ಜೋಡಿಸಿದ ಹಾಗೆ ಮೆಟ್ಟಿಲು ಮೆಟ್ಟಿಲು. ರಟ್ಟು ಕತ್ತರಿಸಿ ಮಾದರಿ ಮಾಡಿಕೊಂಡು ಒಂದೊಂದನ್ನೂ ಚಾಕುವಿನಿಂದ ಕೊಯ್ದೆ, ದೆವ್ವಗಳಿಗೆ ಎರಡೆರಡು ಚೌಕ ಕಣ್ಣು ಕೊರೆದೆ. ಬೇಯಿಸಿ ಹಲಗೆಯ ಮೇಲೆ ಒಣಗಲು ಇಟ್ಟೆ.

ಅತ್ತೆ ಬಂದು ಬಗ್ಗಿ ನೋಡಿದರು. "ಇದೇನೇ, ಇಟ್ಟಿಗೆಗೆ ಕಣ್ಣು ಬಂದಿದೆ?"

"ದೆವ್ವ, ಅತ್ತೆ."

"ಹುಟ್ಟಿದಹಬ್ಬಕ್ಕೆ ದೆವ್ವಾನಾ? ನಮ್ ಕಾಲದಲ್ಲಿ ಕರೀದೇ ಇದ್ರೂ ಬರ್ತಿದ್ವು." ಹಲಗೆಯನ್ನು ಇನ್ನೊಮ್ಮೆ ನೋಡಿದರು. ಏನೋ ಹೇಳುವವರಂತೆ ನನ್ನ ಮುಖ ನೋಡಿ, ಹೇಳದೆ, ತಮ್ಮ ಡಬ್ಬಿಯ ಕಡೆಗೆ ಹೋದರು. ಬೈಯಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಹತ್ತು ದಿನ ಒಣಗಿದವು. ಹೃದಯಗಳನ್ನು ಕೆಂಪಿನಲ್ಲಿ, ದೆವ್ವಗಳನ್ನು ನೀಲಿಯಲ್ಲಿ ಅದ್ದಿ ಮತ್ತೆ ಒಣಗಿಸಿದೆ. ಕೊನೆಗೆ ಸಕ್ಕರೆ ಪಾಕ ತುಂಬಿದ ಕಾಗದದ ಕೋನ್ ಹಿಡಿದು ಬಿಳಿ ಗೆರೆ ಎಳೆಯಲು ಕೂತರೆ ನನ್ನ ಕೈ ನೆಟ್ಟಗಿನ ಗೆರೆಯನ್ನೇ ಎಳೆಯದು! ಮೂಲೆ ಬಂದಲ್ಲೆಲ್ಲ ಸುರುಳಿ ಸುತ್ತಿಬಿಡುತ್ತಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಎಳೆದೆ. ಮೂವತ್ತೂ ಮುಗಿದಾಗ ಎಷ್ಟು ಚೆನ್ನಾಗಿದ್ದವೆಂದರೆ, ಅತ್ತೆ ಅಡುಗೆಮನೆಗೆ ಹೋದ ಹೊತ್ತು ನೋಡಿ ಒಂದು ಹೃದಯಕ್ಕೆ ಮುತ್ತಿಟ್ಟೆ.

ಪಾರ್ಟಿಯ ದಿನ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಕಂಡಿದ್ದು ಬೇಕರಿಯ ಮೇಲಿನ ಆ ಖಾಲಿ ಕೋಣೆಯನ್ನು.

ಲೊರೆನಾಳ ಮನೆಯಲ್ಲಿ ಮುಚ್ಚಳ ತೆಗೆದಾಗ ಆರು ಮಕ್ಕಳೂ ಒಟ್ಟಿಗೇ ಕೂಗಿದವು. ಟೇನಾ ಒಂದು ಹೃದಯ ಎತ್ತಿ ಬಾಯಿಗಿಟ್ಟಳು. ಕಚ್ಚಿದಳು. ದವಡೆಗೆ ಹಾಕಿಕೊಂಡು ಮತ್ತೆ ಕಚ್ಚಿದಳು.

"ಅಮ್ಮಾ, ಇದು ಕಲ್ಲು!"

ಅವಳ ಗೆಳತಿಯೊಬ್ಬಳು ದೆವ್ವವನ್ನು ಮೇಜಿಗೆ ಕುಟ್ಟಿದಳು. ಟಕ್ ಟಕ್ ಎಂದಿತು. ಎಲ್ಲರೂ ಕುಟ್ಟತೊಡಗಿದರು.

ಲೊರೆನಾ ಒಂದನ್ನು ಕೈಗೆ ತೆಗೆದುಕೊಂಡಳು. "ಮಿರ್ನಾ, ಇದಕ್ಕೆ ಬೆಣ್ಣೆ ಹಾಕಿದ್ದೀಯೇನೇ?"

ಬೆಣ್ಣೆ! ನಮ್ಮ ಹಿಟ್ಟಿಗೆ ಬೆಣ್ಣೆ ಹಾಕುವುದಿಲ್ಲ. ಗೋಡೆಯ ಮೇಲೆ ಇರಬೇಕಾದ್ದಕ್ಕೆ ಬೆಣ್ಣೆ ಯಾಕೆ? ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಿದ್ದೆ, ಇವನ್ನು ಯಾರೋ ತಿನ್ನಬೇಕು ಎಂಬುದು ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಸಾಲದ್ದಕ್ಕೆ ಒಂದೊಂದಕ್ಕೂ ತೂತು ಕೊರೆದು ನೇತುಹಾಕುವ ರಿಬ್ಬನ್ ಪೋಣಿಸಿದ್ದೆ. ನಮ್ಮಮ್ಮ ಮಾಡುತ್ತಿದ್ದ ಜೇನಿನ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತಿತ್ತು, ಅದನ್ನು ಮಾಡುವುದು ಮದುವೆಗೆ ಮೊದಲು ನನಗೂ ಬರುತ್ತಿತ್ತು. ನಾಚಿಕೆಯಿಂದ ಸತ್ತೇಹೋಗುವಂತಾಯಿತು.

ಅಷ್ಟರಲ್ಲಿ ಟೇನಾ ರಿಬ್ಬನ್ನನ್ನು ಕೊರಳಿಗೆ ಹಾಕಿಕೊಂಡಿದ್ದಳು. "ತಿನ್ನಬೇಡ್ರೋ, ಇವು ಜೀವ! ಒಬ್ಬೊಬ್ಬರಿಗೆ ಮೂರು ಮೂರು. ಸಿಕ್ಕಿಬಿದ್ದೋರು ಒಂದು ಕೊಡ್ಬೇಕು!" ಮನೆಯೆಲ್ಲ ಓಟ, ಕಿರುಚಾಟ, ಕೆಂಪು ಹೃದಯಗಳ ಕಟಕಟ. ಕೇಕನ್ನು ಕೇಳುವವರೇ ಇರಲಿಲ್ಲ. ಎರಡು ಹೃದಯ ಮಿಕ್ಕಿದವು. ಟೇನಾ ಒಂದನ್ನು ತಂದು ನನ್ನ ಕೊರಳಿಗೆ ಹಾಕಿ, "ನಿಮಗೂ ಒಂದು ಜೀವ ಇದೆ, ಆಂಟಿ" ಎಂದು ಓಡಿದಳು.

ಲೊರೆನಾ ನನ್ನ ತೋಳು ಹಿಡಿದುಕೊಂಡಳು. ಅವಳ ಮುಖ ಅರಳಿತ್ತು. "ಏನ್ ಹಿಡಿಸಿದೆ ನೋಡೇ ಮಕ್ಕಳಿಗೆ! ಕ್ರಿಸ್‌ಮಸ್ ಮರಕ್ಕೆ ಅಂತ ಅಂಗಡೀಲಿ ಇಡ್ತೀನಿ. ಇನ್ನೂರು ಬೇಕು."

"ಹಾಗಾದ್ರೆ ಒಂದನೇ ತಾರೀಖಿಗೆ ಬರ್ಲಾ?"

"ನೀನ್ಯಾಕೆ ಬರ್ಬೇಕು? ಇವನ್ನ ವಾರಗಟ್ಲೆ ಒಣಗಿಸ್ಬೇಕು ಅಂತೀಯ, ನನ್ನ ಹತ್ರ ಜಾಗ ಎಲ್ಲಿದೆ? ನಿಮ್ಮನೇಲಿ ಹಲಗೆ, ಒಲೆ ಎಲ್ಲಾ ಇದೆ. ಮಾಡಿ ಬಸ್ಸಿಗೆ ಹಾಕ್ಬಿಡು."

"ಆ ರೂಮು?"

"ತಿನ್ನೋ ಬಿಸ್ಕತ್ ಮಾಡೋರು ಒಬ್ರು ಬೇಕಲ್ವೇನೇ ನಂಗೆ? ಯಾರಾದ್ರೂ ಸಿಕ್ತಾರೆ."

ನನಗೂ ತಿನ್ನುವುದನ್ನು ಮಾಡಲು ಬರುತ್ತದೆ ಎನ್ನಬೇಕಿತ್ತು. ಮೇಜಿನ ಮೇಲೆ ಹತ್ತು ದೆವ್ವಗಳು ಕಲ್ಲಿನ ಹಾಗೆ ಬಿದ್ದಿದ್ದವು. ಯಾವ ಬಾಯಲ್ಲಿ ಹೇಳಲಿ?

ಮರುದಿನ ಬೆಳಿಗ್ಗೆ ಅತ್ತೆಗೆ ಇನ್ನೂರರ ಸುದ್ದಿ ಹೇಳಿದೆ. ತಿಹೊಮಿರ್ ತಲೆ ಬಗ್ಗಿಸಿಕೊಂಡು ಸೌದೆ ತರಲು ಹೋದ. ಅತ್ತೆ ಎದ್ದು ನನ್ನ ಮುಂದೆ ಬಿಸಿ ಚಹಾ ಇಟ್ಟರು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

"ಅತ್ತೆ, ನಾನು ನಮ್ಮನೆ ಹಿಟ್ಟನ್ನೇ ಕಲಸ್ತಿದ್ದೀನಿ ಅಂತ ನಿಮಗೆ ಗೊತ್ತಿತ್ತಾ?"

"ಹಲಗೆ ಮೇಲೆ ಒಣಗಕ್ಕೆ ಇಟ್ಟೆಯಲ್ಲ, ಅವತ್ತೇ ಗೊತ್ತಾಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ." ಅವರ ದನಿಯಲ್ಲಿ ಕುಹಕವಿರಲಿಲ್ಲ. "ನಾನೂ ಒಂದ್ಸಲ ಹೊರಟಿದ್ದೆ ಕಣಮ್ಮ. ಇದೇ ಅಚ್ಚು, ಇದೇ ಹಿಟ್ಟು ಗಂಟು ಕಟ್ಕೊಂಡು. ಬೇರೇದು ಮಾಡಕ್ಕೆ ಎಲ್ಲಿ ಬರ್ತಿತ್ತು ನಂಗೆ? ವಾಪಸ್ ಬಂದೆ." ಎನ್ನುತ್ತಾ ಕನ್ನಡಿಗಳ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. "ತಗೋ. ಇನ್ಮೇಲೆ ನಡುವಿಂದೂ ನಿಂದೇ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಟೇನಾ ಕೊಟ್ಟ ಹೃದಯ ಏಪ್ರನ್ ಜೇಬಿನಲ್ಲಿತ್ತು. ರಿಬ್ಬನ್ ಕಿತ್ತು ಅದನ್ನು ಚಹಾದಲ್ಲಿ ಅದ್ದಿ ಹಿಡಿದೆ. ಚಹಾ ಕೆಂಪಾಯಿತು. ಬೆರಳು ಸುಟ್ಟರೂ ಬಿಡಲಿಲ್ಲ.

"ಅಯ್ಯೋ, ಅದನ್ನ ಯಾರು ತಿಂತಾರೆ?"

"ನಾನು."

ತುದಿ ಮೆತ್ತಗಾಗಿತ್ತು. ಕಚ್ಚಿದೆ, ಅಗಿದೆ, ನುಂಗಿದೆ. ಜೇನಿನ ರುಚಿ ಇತ್ತು. ಇಷ್ಟು ವರ್ಷ ಕೈಯಾರೆ ಮಾಡಿದ್ದು ಸಿಹಿ ಎಂಬುದೇ ನನಗೆ ಗೊತ್ತಿರಲಿಲ್ಲ. ಚೂರೂ ಬಿಡದೆ ತಿಂದೆ. ಅತ್ತೆ ತಡೆಯಲಿಲ್ಲ, ಕೊನೆಯ ತುತ್ತಿನವರೆಗೂ ನೋಡುತ್ತಾ ಕೂತಿದ್ದರು.

"ತಿಂದಾಯ್ತಲ್ಲ," ಎಂದರು ಮೆಲ್ಲಗೆ, "ಕೈ ತೊಳ್ಕೊಂಡು ಬಾ. ಇನ್ನೂರು ಇದೆ."

ನಾನು ಕೈ ತೊಳೆದುಕೊಂಡು ಬಂದು ಹಿಟ್ಟು ಕಲಸಲು ನಿಂತೆ.